ಮೊದಲು ದೋಣಿ, ಆಮೇಲೆ ಉದ್ಯಾನ

ಮಕರ ಸಂಕ್ರಮಣದ ದಿವಸ ನಮ್ಮ ಸೀಮೆಯಲ್ಲಿ ಮನೆಯೊಳಗೆ ಕುಳಿತು ಉಣ್ಣುವ ಕುಟುಂಬಗಳು ವಿರಳ. ಎಳ್ಳು ಅರಿಷಿಣ ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮಾದಲಿಗಳ ಬುತ್ತಿಯನ್ನು ದಂಡೆಯ ಮೇಲೆ ಬಿಚ್ಚಿ, ನೆರೆಹೊರೆಯವರೊಡನೆ ಹಂಚಿಕೊಂಡು ಉಣ್ಣುವುದು ಕೃಷ್ಣೆ ಘಟಪ್ರಭೆಯರ ಮಡಿಲಲ್ಲಿ ಬೆಳೆದ ಜನರ ಬಹುಕಾಲದ ರೂಢಿ. ಊಟ ಮುಗಿದ ಬಳಿಕ ಮಕ್ಕಳು ಕೈಮಾಡಿ ತೋರಿಸುವುದು ನೀರಿನ ನಡುವಿನ ಗಡ್ಡೆಯನ್ನು. ಬೇಡುವುದು ಅಲ್ಲಿಗೆ ಒಯ್ಯುವ ದೋಣಿಯನ್ನು. ಇದಕ್ಕಿಂತ ನಿರ್ದೋಷವಾದ ಬಯಕೆ ಮತ್ತೊಂದು ಇರಲಾರದು. ಪರಂತು ಈ ಸಣ್ಣ ಬಯಕೆಯನ್ನು ಈಡೇರಿಸಿಕೊಳ್ಳಲು ಹೋದ ಎಷ್ಟೋ ಕುಟುಂಬಗಳು ಮರಳಿ ಮನೆ ಸೇರಲಿಲ್ಲವೆಂಬ ಸಂಗತಿಯನ್ನು ಮರೆತು ಆ ದೋಣಿಯ ಮಾತನ್ನು ಆಡುವುದು ಯಾರಿಗೂ ಶೋಭಿಸದು. ಬೀಳಗಿ ತಾಲೂಕಿನ ಹಿನ್ನೀರಿನಲ್ಲಿ ದೋಣಿವಿಹಾರ ಆಗಲಿ, ನಡುಗಡ್ಡೆಗಳು ಉದ್ಯಾನಗಳಾಗಲಿ ಎಂದು ಬಯಸುವ ಬಂಧುಗಳು ಅನೇಕರಿದ್ದಾರೆ. ನಾವೂ ಅದನ್ನು ಬಯಸುವವರೇ. ಆದರೆ ಅದಕ್ಕೆ ಒಂದು ಕ್ರಮವಿದೆ. ಮೊದಲು ಭದ್ರವಾದ ದೋಣಿ, ಭದ್ರವಾದ ಕಟ್ಟೆ, ಭದ್ರವಾದ ನಿಯಮ, ಆಮೇಲೆ ಉದ್ಯಾನ. ಈ ಕ್ರಮವನ್ನು ಸರಕಾರದವರೂ, ಪಂಚಾಯತಿಗಳೂ, ಜನತೆಯೂ ಈಗಲೇ ಮನಗಾಣಬೇಕೆಂಬುದೇ ಇಂದಿನ ನಮ್ಮ ಬಿನ್ನಹ.

ಬೀಳಗಿ ತಾಲೂಕಿಗೆ ಬಡಗಣ ದಿಕ್ಕಿನಲ್ಲಿ ಕೃಷ್ಣೆ, ತೆಂಕಣ ದಿಕ್ಕಿನಲ್ಲಿ ಘಟಪ್ರಭೆ. ಈ ಎರಡೂ ಹೊಳೆಗಳು ಚಿಕ್ಕಸಂಗಮದಲ್ಲಿ ಕೂಡಿ, ಮುಂದೆ ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಂಡು ಮೂಡಣಕ್ಕೆ ಹರಿಯುತ್ತವೆ. ೧೯೬೪ನೆಯ ಇಸವಿಯ ಮೇ ೨೨ರಂದು ಲಾಲಬಹಾದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ನಾಲ್ಕು ದಶಕಗಳು ಉರುಳಿದ ಮೇಲೆ, ೨೦೦೬ನೆಯ ಇಸವಿಯ ಆಗಸ್ಟ್ ೨೧ರಂದು ರಾಷ್ಟ್ರಪತಿ ಅಬ್ದುಲ್ ಕಲಾಮರು ಆ ಅಣೆಕಟ್ಟನ್ನು ನಾಡಿಗೆ ಸಮರ್ಪಿಸಿದರು. ಸಮುದ್ರಮಟ್ಟದಿಂದ ೫೧೯.೬೦ ಮೀಟರು ಎತ್ತರಕ್ಕೆ ನಿಲ್ಲುವ, ೧೨೩ ಟಿ.ಎಂ.ಸಿ. ಪ್ರಮಾಣದ ಆ ನೀರು ಅಣೆಕಟ್ಟಿನ ಬಳಿಯಲ್ಲಿಯೇ ನಿಲ್ಲುವುದಿಲ್ಲ. ಎರಡೂ ಹೊಳೆಗಳ ಕಣಿವೆಗಳನ್ನು ಹಿಡಿದು ಹಿಂದಕ್ಕೆ ಸರಿದು ನಮ್ಮ ತಾಲೂಕಿನೊಳಗೆ ಬಹುದೂರ ಬಂದು ನಿಂತಿದೆ. ಆ ನೀರಿನಡಿಯಲ್ಲಿ ನಮ್ಮ ಎರೆಹೊಲಗಳಿವೆ, ಹಾಳು ಬಿದ್ದ ಮನೆಗಳ ಗೋಡೆಗಳಿವೆ, ಬಾವಿಗಳಿವೆ, ಪೂರ್ವಿಕರ ಸಮಾಧಿಗಳಿವೆ. ಊರಿಗೆ ಊರೇ ಎದ್ದು ಪುನರ್ವಸತಿ ಕೇಂದ್ರವೆಂಬ ಹೊಸ ಹೆಸರಿನ ಬಯಲಿಗೆ ಹೋಗಿ ನೆಲಸಿತು. ಸಂಗಮದ ದೇವರು ಕೂಡ ವರ್ಷದ ಕೆಲವು ತಿಂಗಳು ನೀರಿನ ವಶದಲ್ಲಿರುತ್ತಾನೆ. ೨೦೧೦ನೆಯ ಇಸವಿಯ ಡಿಸೆಂಬರ್ ೩೦ರಂದು ನ್ಯಾಯಮೂರ್ತಿ ಬ್ರಿಜೇಶಕುಮಾರರ ನ್ಯಾಯಾಧಿಕರಣವು ನೀರಿನ ಮಟ್ಟವನ್ನು ೫೨೪.೨೫೬ ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿದೆ. ಆ ಮಟ್ಟಕ್ಕೆ ನೀರು ನಿಂತ ದಿನ ನಮ್ಮ ದಂಡೆಗಳು ಇನ್ನೂ ಒಳಕ್ಕೆ ಸರಿಯುವವು, ಇಂದಿನ ಎಷ್ಟೋ ದಿಬ್ಬಗಳು ನಾಳೆ ನಡುಗಡ್ಡೆಗಳಾಗುವವು.

ನಾಡಿನ ಹಿತಕ್ಕಾಗಿ ಇಷ್ಟನ್ನು ತೆತ್ತ ಜನ ನಾವು. ತೆತ್ತುದಕ್ಕಾಗಿ ಗೋಳಾಡುವುದು ಈ ಲೇಖನದ ಉದ್ದೇಶವಲ್ಲ. ಪರಂತು ಯಾರ ಹೊಲದ ಮೇಲೆ ಈ ನೀರು ನಿಂತಿದೆಯೋ ಅವರ ಮಕ್ಕಳಿಗೆ ಈ ನೀರಿನ ಸೌಖ್ಯದಲ್ಲಿ ಮೊದಲ ಪಾಲು ಸಲ್ಲಬೇಕೆಂಬುದು ನ್ಯಾಯವಾದ ಮಾತು. ಕಾಲುವೆಯ ನೀರು ಒಂದು ಪಾಲು. ಕಣ್ಣಿಗೂ ಮನಸ್ಸಿಗೂ ದೊರೆಯುವ ಆನಂದವೂ ಒಂದು ಪಾಲು. 'ಹೊಟ್ಟೆಗಿಲ್ಲದವನಿಗೆ ದೋಣಿವಿಹಾರವೇಕೆ?' ಎಂದು ಕೇಳುವ ಗಂಭೀರ ಜನರು ನಮ್ಮಲ್ಲಿದ್ದಾರೆ. ಅವರಿಗೆ ನಾವು ಹೇಳುವುದಿಷ್ಟೇ: ಶ್ರೀಮಂತನು ಮಕ್ಕಳನ್ನು ಕರೆದುಕೊಂಡು ಗೋವೆಗೆ ಹೋಗುತ್ತಾನೆ, ಊಟಿಗೆ ಹೋಗುತ್ತಾನೆ. ಕಬ್ಬು ಕಡಿಯುವವನ, ರಬಕವಿ ಬನಹಟ್ಟಿಗಳಲ್ಲಿ ಮಗ್ಗ ನಡೆಸುವವನ ಸಂಸಾರಕ್ಕೆ ವರ್ಷದಲ್ಲಿ ದೊರೆಯುವ ಬಿಡುವು ಒಂದೋ ಎರಡೋ ದಿನ. ಮುಂಜಾನೆ ಹೊರಟು ಸಂಜೆಗೆ ಮರಳುವಷ್ಟು ದೂರದಲ್ಲಿ, ಕೂಲಿಯ ಹಣಕ್ಕೆ ಎಟಕುವಷ್ಟು ವೆಚ್ಚದಲ್ಲಿ, ಹೆಂಡತಿ ಮಕ್ಕಳು ಮುದುಕ ತಾಯಿಯೊಡನೆ ಅವನು ಸಂತೋಷಪಡುವಂಥ ತಾಣವೊಂದಿರಬೇಕೆಂಬುದು ಭೋಗವಿಲಾಸದ ಮಾತಲ್ಲ, ಸ್ವರಾಜ್ಯದ ಮಾತು. ಸ್ವತಂತ್ರ ನಾಡಿನ ಪ್ರಜೆಗೆ ದುಡಿಮೆಯ ಹಕ್ಕು ಇರುವಂತೆ ದಣಿವು ಆರಿಸಿಕೊಳ್ಳುವ ಹಕ್ಕೂ ಇರತಕ್ಕದ್ದು.

ಆದರೆ ಹಕ್ಕಿನ ಮಾತನ್ನಾಡಿದೊಡನೆ ಹೊಣೆಯ ಮಾತು ಬರುತ್ತದೆ. ಈ ಹೊಣೆಯನ್ನು ಮರೆತರೆ ಏನಾಗುವುದೆಂಬುದನ್ನು ಅರಿಯಲು ನಾವು ಪರದೇಶಗಳಿಗೆ ಹೋಗಬೇಕಾಗಿಲ್ಲ. ಕಾರವಾರದ ಸಮೀಪ ಅರಬೀ ಸಮುದ್ರದಲ್ಲಿ ಕೂರ್ಮಗಡವೆಂಬ ಸಣ್ಣ ದ್ವೀಪವಿದೆ. ಅಲ್ಲಿ ನರಸಿಂಹ ದೇವರ ಗುಡಿ. ವರ್ಷಕ್ಕೊಮ್ಮೆ ಪುಷ್ಯ ಮಾಸದಲ್ಲಿ ಜಾತ್ರೆ ನೆರೆಯುತ್ತದೆ. ಸಾವಿರಾರು ಜನರು ದೋಣಿಗಳಲ್ಲಿ ಹೋಗಿ, ಪೂಜೆ ಮಾಡಿಸಿ, ಅದೇ ದಿನ ಮರಳುತ್ತಾರೆ. ೨೦೧೯ನೆಯ ಇಸವಿಯ ಜನವರಿ ೨೧ರಂದು ಹಾಗೆ ಮರಳುತ್ತಿದ್ದ ದೋಣಿಯೊಂದು ದಂಡೆ ಮುಟ್ಟುವ ಮೊದಲೇ ಮಗುಚಿತು. ೧೬ ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಹಲವರು ಸಮುದ್ರವನ್ನು ದಿನವೂ ಕಂಡವರಲ್ಲ. ಹಾವೇರಿ ಜಿಲ್ಲೆಯಿಂದ, ನಮ್ಮಂಥದೇ ಬಯಲುಸೀಮೆಯಿಂದ, ಮಕ್ಕಳುಮರಿಗಳೊಡನೆ ಹಬ್ಬದ ಉತ್ಸಾಹದಲ್ಲಿ ಹೋದವರು. ಒಂದೇ ಮನೆತನದ ಹಿರಿಯರೂ ಕಿರಿಯರೂ ಒಂದೇ ಅಲೆಗೆ ಬಲಿಯಾದರು. ಆ ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ತುಂಬಲಾಗಿತ್ತೆಂದೂ, ತೇಲುವ ಅಂಗಿಗಳು ಜನರ ಮೈಮೇಲೆ ಇರಲಿಲ್ಲವೆಂದೂ ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ದೇವರ ಸನ್ನಿಧಿಯಿಂದ ಮರಳುವವರಿಗೆ ಹೀಗಾಗಬಹುದೇ ಎಂದು ಮರುಗಿದವರು ಬಹಳ. ದೇವರಿಗೆ ಹೊಣೆ ಹೊರಿಸಿ ಮನುಷ್ಯರು ಕೈತೊಳೆದುಕೊಳ್ಳುವುದು ನಮ್ಮಲ್ಲಿ ಹಳೆಯ ಚಾಳಿ. ದೋಣಿಯಲ್ಲಿ ಎಷ್ಟು ಜನರು ಕೂಡಬೇಕೆಂದು ಲೆಕ್ಕ ಹಾಕುವ ಕೆಲಸವನ್ನು ನರಸಿಂಹ ದೇವರು ತನ್ನ ಮೇಲೆ ತೆಗೆದುಕೊಂಡಿರಲಿಲ್ಲ.

ಕೂರ್ಮಗಡದ್ದು ಒಂಟಿಯಾದ ಪ್ರಸಂಗವಾಗಿದ್ದರೆ ಅದನ್ನು ದುರ್ದೈವವೆಂದು ಕರೆದು ಸುಮ್ಮನಾಗಬಹುದಿತ್ತು. ೨೦೦೯ನೆಯ ಇಸವಿಯ ಸೆಪ್ಟೆಂಬರ್ ೩೦ರಂದು ಕೇರಳದ ತೇಕ್ಕಡಿಯಲ್ಲಿ ವಿಹಾರದ ದೋಣಿ ಮಗುಚಿ ೪೫ ಜನ ಸತ್ತರು. ಅಲ್ಲಿ ಅಲೆಗಳ ಸಮುದ್ರವಿರಲಿಲ್ಲ. ನಮ್ಮ ಹಿನ್ನೀರಿನಂತೆಯೇ ಅಣೆಕಟ್ಟಿನ ಹಿಂದೆ ನಿಂತ ಶಾಂತವಾದ ನೀರಿತ್ತು. ದಡದ ಪ್ರಾಣಿಗಳನ್ನು ನೋಡಲು ಜನರೆಲ್ಲರೂ ಒಂದೇ ಮಗ್ಗುಲಿಗೆ ನುಗ್ಗಿದರೆಂದು ಬದುಕಿ ಬಂದವರು ಹೇಳಿದರು. ೨೦೨೩ನೆಯ ಇಸವಿಯ ಮೇ ೭ರಂದು ಅದೇ ಕೇರಳದ ತಾನೂರಿನಲ್ಲಿ, ಕತ್ತಲು ಕವಿಯುವ ಹೊತ್ತಿಗೆ ಹೊರಟ ದೋಣಿ ಮುಳುಗಿ ೨೨ ಜನ ಹೋದರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ೨೦೨೪ನೆಯ ಇಸವಿಯ ಜನವರಿ ೧೮ರಂದು ಗುಜರಾಥದ ವಡೋದರಾ ಪಟ್ಟಣದ ಹರಣಿ ಕೆರೆಯಲ್ಲಿ ಶಾಲೆಯ ಸಹಲಿಗೆ ಬಂದ ೧೨ ಮಕ್ಕಳೂ ಅವರ ಇಬ್ಬರು ಶಿಕ್ಷಕಿಯರೂ ಜಲಸಮಾಧಿಯಾದರು. ಅದೇ ವರ್ಷದ ಡಿಸೆಂಬರ್ ೧೮ರಂದು ಮುಂಬಯಿಯಿಂದ ಘಾರಾಪುರಿಯ ಗುಹೆಗಳ ದ್ವೀಪಕ್ಕೆ ಹೊರಟಿದ್ದ ದೋಣಿಗೆ ನೌಕಾದಳದ ವೇಗದ ದೋಣಿಯೊಂದು ಅಪ್ಪಳಿಸಿ ಹತ್ತಕ್ಕೂ ಹೆಚ್ಚು ಜನ ಮಡಿದರು. ಸಮುದ್ರ, ಹೊಳೆ, ಹಿನ್ನೀರು, ಊರ ನಡುವಿನ ಕೆರೆ: ನೀರಿನ ಜಾತಿ ಬೇರೆ ಬೇರೆ, ಬಲಿಯಾದವರು ಮಾತ್ರ ಬಹುತೇಕ ಒಂದೇ ಬಗೆಯವರು. ಬಿಡುವಿನ ಒಂದು ದಿನವನ್ನು ಮಕ್ಕಳೊಡನೆ ಕಳೆಯಲು ಹೊರಟ ಸಾಧಾರಣ ಜನರು.

ದೋಣಿ ಏಕೆ ಮಗುಚುತ್ತದೆಂಬುದು ಗಹನವಾದ ಶಾಸ್ತ್ರವೇನೂ ಅಲ್ಲ. ನೀರಿನ ಮೇಲೆ ಕಾಣುವ ದೋಣಿಯ ಅಂಚೇ ಅದರ ಆಯುಷ್ಯದ ಅಳತೆ. ಹಿಡಿಸುವಷ್ಟು ಜನರು ಕುಳಿತಾಗ ಆ ಅಂಚು ನೀರಿನಿಂದ ಸಾಕಷ್ಟು ಮೇಲೆ ಇರುತ್ತದೆ. ಒಬ್ಬೊಬ್ಬರಾಗಿ ಹೆಚ್ಚಿದಂತೆ ಅಂಚು ಇಳಿಯುತ್ತ, ಕೊನೆಗೆ ಸಣ್ಣದೊಂದು ತೆರೆಯೂ ಒಳಗೆ ಹೊಕ್ಕುವ ಸ್ಥಿತಿಗೆ ಬರುತ್ತದೆ. ಜನರು ಕುಳಿತಿದ್ದರೆ ಭಾರವು ತಳದಲ್ಲಿ ನಿಲ್ಲುತ್ತದೆ. ಎದ್ದು ನಿಂತರೆ ಭಾರವೂ ಮೇಲಕ್ಕೇರುತ್ತದೆ, ಆಗ ಸ್ವಲ್ಪ ಓಲಾಡಿದರೂ ದೋಣಿ ಸಾವರಿಸಿಕೊಳ್ಳಲಾರದು. ಮಾಳಿಗೆ ಕಟ್ಟಿದ ದೋಣಿಯ ಮೇಲಂತಸ್ತಿನಲ್ಲಿ ಜನ ತುಂಬಿದರಂತೂ ಕೇಳುವುದೇ ಬೇಡ. ಇನ್ನು ಚಿತ್ರ ತೆಗೆಯಲೆಂದು, ಹಕ್ಕಿ ನೋಡಲೆಂದು ಎಲ್ಲರೂ ಒಂದೇ ಕಡೆಗೆ ಬಾಗಿದರೆ ಎಂಥ ಕುಶಲ ಅಂಬಿಗನ ಹುಟ್ಟೂ ಏನೂ ಮಾಡಲಾರದು. ಮೇಲೆ ಹೇಳಿದ ದುರಂತಗಳಲ್ಲಿ ಮುಂಬಯಿಯ ಡಿಕ್ಕಿಯೊಂದನ್ನು ಬಿಟ್ಟರೆ ಮಿಕ್ಕವು ಬಹುಪಾಲು ಈ ಸರಳ ಸಂಗತಿಗಳನ್ನು ಕಡೆಗಣಿಸಿದುದರಿಂದಲೇ ಆದವು.

ನಮ್ಮ ಹಿನ್ನೀರಿಗೆ ಇದರ ಜೊತೆಗೆ ತನ್ನದೇ ಆದ ಅಪಾಯಗಳಿವೆ. ಹರಿಯುವ ಹೊಳೆಯ ಸುಳಿ ಸೆಳವುಗಳನ್ನು ನಮ್ಮ ಹಿರಿಯರು ಹೆಸರು ಹಿಡಿದು ಬಲ್ಲವರಾಗಿದ್ದರು. ನಿಂತ ಈ ನೀರು ಹೊಸದು. ಮಳೆಗಾಲದಲ್ಲಿ ತುಂಬಿ, ಕಾಲುವೆಗಳಿಗೆ ಬಿಟ್ಟಂತೆಲ್ಲ ಇಳಿಯುತ್ತ, ಬೇಸಗೆಯ ಹೊತ್ತಿಗೆ ದಂಡೆ ದೂರ ಸರಿಯುತ್ತದೆ. ಸಂಕ್ರಮಣಕ್ಕೆ ಆಳವಾಗಿದ್ದ ಜಾಗದಲ್ಲಿ ಯುಗಾದಿಗೆ ಕೆಸರು. ಈ ತಿಂಗಳು ದೋಣಿಯ ತಳಕ್ಕೆ ತಾಗದ ಹಳೆಯ ಗೋಡೆ, ಜಾಲಿಯ ಬೊಡ್ಡೆ, ಬಾವಿಯ ಕಟ್ಟೆ ಮುಂದಿನ ತಿಂಗಳು ತಾಗುತ್ತದೆ. ಅಡ್ಡ ಯಾವುದೂ ಇಲ್ಲದ ವಿಸ್ತಾರದ ಮೇಲೆ ಮಧ್ಯಾಹ್ನದ ಗಾಳಿ ಬೀಸಿದರೆ ತೆರೆಗಳೇಳುತ್ತವೆ. ನೀರಿಗೆ ಬಿದ್ದವನಿಗೆ ದಂಡೆ ಕಾಣುತ್ತಿದ್ದರೂ ಹೂಳಿನಲ್ಲಿ ಕಾಲೂರಲಾಗುವುದಿಲ್ಲ. ಬೆಂಗಳೂರಿನಿಂದ ಬಂದ ಯೋಜನೆಯ ಕಾಗದದಲ್ಲಿ ಇವಾವೂ ಇರಲಾರವು. ನೀರಿನ ಮೇಲೆ ದಿನವೂ ಓಡಾಡುವ ಮೀನುಗಾರರ ತಲೆಯಲ್ಲಿ ಮಾತ್ರ ಇರುತ್ತವೆ.

ಈ ಪ್ರಶ್ನೆ ವಿಹಾರಕ್ಕೆ ಹೋಗುವವರದಷ್ಟೇ ಎಂದು ಯಾರೂ ಭಾವಿಸಬಾರದು. ಜಮಖಂಡಿ ತಾಲೂಕಿನ ಮುತ್ತೂರು, ಕಂಕಣವಾಡಿಗಳ ನಡುಗಡ್ಡೆಗಳಲ್ಲಿ ಹೊಲವುಳ್ಳ ಒಕ್ಕಲಿಗರಿಗೆ ದೋಣಿಯೇ ರಸ್ತೆ. ಬೀಜ ಗೊಬ್ಬರಗಳು ಹೋಗುವುದೂ ಕಬ್ಬು ಬರುವುದೂ ನೀರಿನ ಮೇಲೆಯೇ. ರಬಕವಿಗೂ ಮಹಿಷವಾಡಗಿಗೂ ನಡುವೆ ಜನರು ಮೋಟಾರು ಸೈಕಲ್ಲುಗಳನ್ನೇ ದೋಣಿಯಲ್ಲಿಟ್ಟುಕೊಂಡು ವರ್ಷಾನುವರ್ಷ ಹೊಳೆ ದಾಟಿದ್ದಾರೆ. ಕೃಷ್ಣೆಯ ಕೆಳಭಾಗದಲ್ಲಿ, ರಾಯಚೂರು ತಾಲೂಕಿನ ಕುರ್ವಕುರ್ದದ ಬಳಿ ೨೦೨೦ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ತೆಪ್ಪ ಮಗುಚಿ ಬಡ ಜನರು ನೀರುಪಾಲಾದರು. ಅವರು ವಿಹಾರಕ್ಕೆ ಹೊರಟವರಲ್ಲ. ೨೦೧೯ನೆಯ ಇಸವಿಯ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದಾಗ ಜನರನ್ನು ಹೊರತಂದ ಸಾಧನವೂ ದೋಣಿಯೇ. ಇಂದು ವಿಹಾರದ ದೋಣಿಗೆಂದು ಕಟ್ಟಿದ ಕಟ್ಟೆ, ಕೊಂಡ ತೇಲುವ ಅಂಗಿ, ತರಬೇತು ಪಡೆದ ಅಂಬಿಗ, ಇವೆಲ್ಲ ನಾಳೆ ಮಹಾಪೂರ ಬಂದಾಗ ಊರನ್ನು ಕಾಯುತ್ತವೆ. ಆದುದರಿಂದ ಇದಕ್ಕೆ ವೆಚ್ಚವಾಗುವ ಹಣವು ಮೋಜಿಗೆ ಸುರಿದ ಹಣವಲ್ಲ.

ಕಾಯಿದೆಯಿಲ್ಲವೆಂದು ಅಧಿಕಾರಿಗಳು ಹೇಳುವಂತಿಲ್ಲ. ಬ್ರಿಟಿಷರ ಕಾಲದಲ್ಲಿ, ೧೯೧೭ರಲ್ಲಿ, ಉಗಿಹಡಗುಗಳಿಗಾಗಿ ಹುಟ್ಟಿದ ಹಳೆಯ ಕಾಯಿದೆಯೇ ನೂರಕ್ಕೂ ಹೆಚ್ಚು ವರ್ಷ ನಮ್ಮ ಒಳನಾಡಿನ ಜಲಮಾರ್ಗಗಳನ್ನು ಆಳಿತು. ಯಂತ್ರವಿಲ್ಲದ ದೋಣಿ, ಹರಿಗೋಲುಗಳು ಅದರ ದೃಷ್ಟಿಗೆ ಬೀಳಲೇ ಇಲ್ಲ. ಬಡವರ ದೋಣಿ ಹೀಗೆ ಕಾಯಿದೆಯ ಹೊರಗೇ ತೇಲುತ್ತಿತ್ತು. ೨೦೨೧ರಲ್ಲಿ ಪಾರ್ಲಿಮೆಂಟು ಹೊಸ ಒಳನಾಡು ನೌಕಾ ಕಾಯಿದೆಯನ್ನು ಮಾಡಿತು. ಯಂತ್ರದ ದೋಣಿಗಳಿಗೆ ತಪಾಸಣೆ, ನೋಂದಣಿ, ವಿಮೆ, ನಡೆಸುವವನ ಅರ್ಹತೆ ಇವುಗಳನ್ನು ಅದು ಕಡ್ಡಾಯ ಮಾಡಿದೆ. ಅಷ್ಟೇ ಅಲ್ಲ, ಯಂತ್ರವಿಲ್ಲದ ದೋಣಿಗಳನ್ನೂ ಸ್ಥಳೀಯ ಸ್ವರಾಜ್ಯ ಸಂಸ್ಥೆಗಳ ಮಟ್ಟದಲ್ಲಿ ದಾಖಲು ಮಾಡಿಕೊಳ್ಳಲು ಹಾದಿ ತೆರೆದಿದೆ. ನಮ್ಮ ದೃಷ್ಟಿಯಲ್ಲಿ ಇದೇ ಅದರ ಅತಿ ಮಹತ್ತ್ವದ ಅಂಶ. ಹೊಳೆಯ ದಂಡೆಯ ಗ್ರಾಮ ಪಂಚಾಯತಿಯು ಒಂದು ವಹಿಯನ್ನು ತೆರೆದು ತನ್ನ ಹದ್ದಿನಲ್ಲಿ ಎಷ್ಟು ದೋಣಿಗಳಿವೆ, ಯಾರವು, ಯಾವಾಗ ಕಟ್ಟಿದವು, ಪ್ರತಿಯೊಂದರಲ್ಲಿ ಎಷ್ಟು ಜನರು ಕೂಡಬಹುದು ಎಂಬುದನ್ನು ಬರೆದಿಡಬೇಕು. ಆ ಸಂಖ್ಯೆಯನ್ನು ದೋಣಿಯ ಎರಡೂ ಮಗ್ಗುಲಿಗೆ ದೂರದಿಂದಲೇ ಓದಲು ಬರುವಂತೆ ಬಣ್ಣದಲ್ಲಿ ಬರೆಯಿಸಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಒಂದು ವಹಿ, ಒಂದು ಬಣ್ಣದ ಡಬ್ಬಿ, ಸ್ವಲ್ಪ ಮನಸ್ಸು ಇದ್ದರೆ ಸಾಕು.

ಇಲ್ಲಿ ಅಂಬಿಗನ ಪಕ್ಷವಾಗಿಯೂ ಒಂದು ಮಾತು ಹೇಳಬೇಕು. ದುರಂತವಾದ ಮರುದಿನ ಎಲ್ಲರ ಬೆರಳೂ ಅವನ ಕಡೆಗೇ ತಿರುಗುತ್ತದೆ. ಅವನೇಕೆ ಹೆಚ್ಚು ಜನರನ್ನು ತುಂಬಿದನೆಂದು ಕೇಳುವವರು, ತುಂಬದಿದ್ದರೆ ಅವನ ಗತಿಯೇನಾಗುತ್ತಿತ್ತೆಂದು ಕೇಳುವುದಿಲ್ಲ. ದೋಣಿ ನಡೆಸುವ ಅಧಿಕಾರವನ್ನು ಲಿಲಾವು ಹಾಕಿ, ಹೆಚ್ಚು ಹಣ ಕೂಗಿದ ಗುತ್ತಿಗೆದಾರನಿಗೆ ಒಪ್ಪಿಸಿದೊಡನೆ ಕೆಡುಕಿನ ಬೀಜ ಬಿತ್ತಿದಂತಾಯಿತು. ಅವನು ಕೊಟ್ಟ ಹಣವನ್ನು ತಲೆಯ ಲೆಕ್ಕದಲ್ಲಿಯೇ ತಿರುಗಿ ಎತ್ತಬೇಕು. ಜಾತ್ರೆಯ ಒಂದು ದಿನ, ರಜೆಯ ನಾಲ್ಕು ದಿನ, ಇಷ್ಟೇ ಅವನ ಸುಗ್ಗಿ. ಹತ್ತು ಜನರ ದೋಣಿಯಲ್ಲಿ ಹದಿನೈದು ಜನ ಕೂತರೆ ಲಾಭ ಗುತ್ತಿಗೆದಾರನದು. ಮುಳುಗಿದರೆ ಸೆರೆಮನೆ ಕೂಲಿಗೆ ಹುಟ್ಟು ಹಾಕುವ ಬಡವನದು. ಈ ಪದ್ಧತಿ ತೊಲಗಬೇಕು. ನಮ್ಮ ತಾಲೂಕಿನ ಹಿನ್ನೀರಿನಲ್ಲಿ ದೋಣಿವಿಹಾರ ಆರಂಭವಾಗುವುದಾದರೆ ಆ ಕೆಲಸ ಮೊದಲು ಸಲ್ಲಬೇಕಾದುದು ಅದೇ ನೀರಿನಲ್ಲಿ ಹೊಲ ಕಳೆದುಕೊಂಡವರ ಹಾಗೂ ಮೀನುಗಾರರ ಸಹಕಾರ ಸಂಘಗಳಿಗೆ. ದರವನ್ನು ಪಂಚಾಯತಿ ಗೊತ್ತುಪಡಿಸಲಿ. ಅಂಬಿಗನಿಗೆ ತಿಂಗಳ ಸಂಬಳ ಸಿಗಲಿ. ದೋಣಿಯಲ್ಲಿ ಎಷ್ಟು ತಲೆಗಳಿವೆ ಎಂಬುದಕ್ಕೂ ಅವನ ಮನೆಯ ಒಲೆಗೂ ಸಂಬಂಧವಿರದಿರಲಿ. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುತ್ತಲೇ ಶರಣನಾದ ಅಂಬಿಗರ ಚೌಡಯ್ಯನು ಯಾರ ಮುಲಾಜಿಗೂ ಒಳಗಾಗದೆ ನಿಷ್ಠುರವಾಗಿ ನುಡಿದವನೆಂದು ನಾವು ಕೊಂಡಾಡುತ್ತೇವೆ. ಅವನ ಕುಲದ ಕಸುಬನ್ನು ಹಿಡಿದ ಇಂದಿನ ಅಂಬಿಗನೂ 'ಇನ್ನೊಬ್ಬರನ್ನು ಹತ್ತಿಸಲಾರೆ' ಎಂದು ಫೌಜದಾರನಿಗಾಗಲಿ, ಪುಢಾರಿಗಾಗಲಿ, ಮಠದ ಭಕ್ತರಿಗಾಗಲಿ ಎದುರು ನಿಂತು ಹೇಳುವ ಧೈರ್ಯವನ್ನು ಪಡೆಯುವಂತೆ ಮಾಡುವುದೇ ಅವನಿಗೆ ನಾವು ಸಲ್ಲಿಸಬಹುದಾದ ಗೌರವ.

ಇನ್ನು ಉದ್ಯಾನದ ವಿಚಾರ. ಉದ್ಯಾನವೆಂದೊಡನೆ ಕೆಲವರ ಕಣ್ಣ ಮುಂದೆ ಬರುವುದು ಸಿಮೆಂಟಿನ ಆನೆ, ಬಣ್ಣದ ಕಾರಂಜಿ, ಧ್ವನಿವರ್ಧಕದ ಹಾಡು. ಅಂಥವು ಆಲಮಟ್ಟಿಯ ಅಣೆಕಟ್ಟಿನ ಬಳಿ ಬೇಕಾದಷ್ಟಿವೆ. ಜನರು ಅಲ್ಲಿಗೆ ಹೋಗಿ ಸಂತೋಷಪಡುತ್ತಿರುವುದೂ ನಿಜ. ಅದನ್ನೇ ಹೊತ್ತು ತಂದು ಚಿಕ್ಕಸಂಗಮದ ಸುತ್ತಲಿನ ಗಡ್ಡೆಗಳ ಮೇಲೆ ಹೇರಬೇಕಾಗಿಲ್ಲ. ಚಳಿಗಾಲದಿಂದ ಬೇಸಗೆಯವರೆಗೆ ಈ ಹಿನ್ನೀರಿನ ಕೆಸರಂಚುಗಳಿಗೆ ರಾಜಹಂಸಗಳ ಹಿಂಡುಗಳು ಬರುತ್ತವೆ. ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ನೀರು ಇಳಿದಾಗ ತೇಲಿದ ಗಡ್ಡೆಗಳ ಬರಿನೆಲದ ಮೇಲೆಯೇ ರೀವ ಮೊದಲಾದ ಹಕ್ಕಿಗಳು ಮೊಟ್ಟೆಯಿಡುತ್ತವೆ. ಗೂಡು ಕಟ್ಟದ ಆ ಹಕ್ಕಿಗಳ ಮೊಟ್ಟೆ ಕಲ್ಲುಹರಳಿನಂತೆಯೇ ಇರುವುದರಿಂದ ನಡೆಯುವವನ ಕಾಲಡಿಗೆ ಸಿಕ್ಕಿದರೂ ಅವನಿಗೆ ತಿಳಿಯದು. ಆದ್ದರಿಂದ ಯಾವ ಗಡ್ಡೆಗೆ ಜನರು ಇಳಿಯಬಹುದು, ಯಾವುದನ್ನು ದೂರದಿಂದಲೇ ನೋಡಬೇಕು, ಯಾವ ತಿಂಗಳು ಯಾವುದು ಬಂದ್ ಎಂಬುದನ್ನು ಮೊದಲೇ ಗೊತ್ತುಪಡಿಸಬೇಕು.

ಇದು ಆಗದ ಮಾತಲ್ಲ. ಶ್ರೀರಂಗಪಟ್ಟಣದ ಸಮೀಪ ಕಾವೇರಿಯ ರಂಗನತಿಟ್ಟನ್ನು ನೋಡಿರಿ. ಹದಿನೇಳನೆಯ ಶತಮಾನದಲ್ಲಿ ಹೊಳೆಗೆ ಕಟ್ಟಿದ ಕಟ್ಟೆಯಿಂದಲೇ ಉಂಟಾದ ಸಣ್ಣ ನಡುಗಡ್ಡೆಗಳವು; ಮನುಷ್ಯನು ನಿಲ್ಲಿಸಿದ ನೀರಿನಲ್ಲಿ ಹುಟ್ಟಿದವು ಎಂಬ ಮಟ್ಟಿಗೆ ನಮ್ಮ ಗಡ್ಡೆಗಳ ಹಿರಿಯ ಬಂಧುಗಳೇ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸೂಚನೆಯ ಮೇರೆಗೆ ಮೈಸೂರು ಸಂಸ್ಥಾನದವರು ೧೯೪೦ರಲ್ಲಿ ಅದನ್ನು ಪಕ್ಷಿಧಾಮವಾಗಿ ಸಾರಿದರು. ೨೦೨೨ರಲ್ಲಿ ಅದು ಜಗತ್ತಿನ ಮಹತ್ತ್ವದ ಜಲಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿ ಅರಣ್ಯ ಇಲಾಖೆಯ ದೋಣಿಯಲ್ಲಿ ಕುಳಿತು, ಅಂಬಿಗನಿಂದಲೇ ಹಕ್ಕಿಗಳ ಹೆಸರು ಕೇಳಿ ತಿಳಿದು, ಮೊಸಳೆಯನ್ನೂ ಕಂಡು ಜನರು ಮರಳುತ್ತಾರೆ. ಹಕ್ಕಿಗಳ ಗಡ್ಡೆಗೆ ಕಾಲಿಡುವುದಿಲ್ಲ. ಕಾಲಿಡಲಿಲ್ಲವೆಂದು ಯಾರ ಆನಂದವೂ ಕಡಿಮೆಯಾದುದಿಲ್ಲ. ಎಂಟು ದಶಕಗಳಿಗೂ ಮೀರಿ ಒಂದು ಹೊಳೆಯ ಮೇಲೆ ನಡೆದುಬಂದ ಶಿಸ್ತು ಮತ್ತೊಂದು ಹೊಳೆಯ ಮೇಲೆ ಏಕೆ ನಡೆಯಬಾರದು?

ಸರಕಾರವೇ ಎಲ್ಲವನ್ನೂ ಮಾಡಲೆಂದು ಕೈಕಟ್ಟಿ ಕೂಡುವುದು ಈ ಸೀಮೆಯ ಗುಣವಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ೧೯೮೯ರಲ್ಲಿ ಒಕ್ಕಲಿಗರು ತಮ್ಮ ಹಣ, ತಮ್ಮ ದುಡಿಮೆಗಳಿಂದಲೇ ಕೃಷ್ಣೆಗೆ ಅಡ್ಡಗಟ್ಟೆ ಕಟ್ಟಿ ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಿಟ್ಟರು. ಕೃಷ್ಣಾ ತೀರದ ರೈತರ ಸಂಘವನ್ನು ಕಟ್ಟಿ ಅವರನ್ನು ಮುನ್ನಡೆಸಿದ ಸಿದ್ದು ನ್ಯಾಮಗೌಡರನ್ನು ನಾಡು ಆ ಕಟ್ಟೆಯ ಹೆಸರಿನಿಂದಲೇ ಗುರುತಿಸಿತು. ಸರಕಾರ ಕಟ್ಟದಿದ್ದ ಕಟ್ಟೆಯನ್ನು ತಾವೇ ಕಟ್ಟಿದ ಜನರಿಗೆ ಒಂದು ದೋಣಿಕಟ್ಟೆಯನ್ನು ಕಟ್ಟಿಕೊಳ್ಳುವುದು, ನೂರು ತೇಲುವ ಅಂಗಿಗಳನ್ನು ಕೂಡಿಸಿಕೊಳ್ಳುವುದು ಅಸಾಧ್ಯವೆಂದು ಹೇಳಿದರೆ ಯಾರು ನಂಬುವರು? ಸಕ್ಕರೆ ಕಾರಖಾನೆಗಳಿವೆ, ಸಹಕಾರಿ ಬ್ಯಾಂಕುಗಳಿವೆ, ಉದಾರಿಗಳಾದ ವರ್ತಕರಿದ್ದಾರೆ. ಗುಡಿಯ ಗೋಪುರಕ್ಕೆ ದೇಣಿಗೆ ಕೊಡುವವರು ಗುಡಿಗೆ ಹೋಗುವ ದೋಣಿಗೂ ಕೊಡಲಿ. ದಾನಿಗಳ ಹೆಸರನ್ನು ಅಂಗಿಯ ಬೆನ್ನ ಮೇಲೆ ಬರೆಯಿಸಿದರೂ ನಮ್ಮ ತಕರಾರಿಲ್ಲ.

ಕೊನೆಯದಾಗಿ ನಮ್ಮ ಜನರಿಗೇ ಒಂದು ಮಾತು. ಕಾಯಿದೆ, ಪಂಚಾಯತಿ, ಅಂಬಿಗ ಎಲ್ಲರೂ ಸರಿಯಾಗಿದ್ದೂ ದೋಣಿ ಹತ್ತುವವನು ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ಬಸ್ಸಿನಲ್ಲಿ ಕಿಡಕಿಯಿಂದ ಟವಲು ಎಸೆದು ಸ್ಥಳ ಹಿಡಿಯುವ ನಮ್ಮ ಪರಾಕ್ರಮ ನೀರಿನ 
ಮೇಲೆ ನಡೆಯದು. 'ಒಂದೇ ಮನೆಯವರು, ಎಲ್ಲರೂ ಕೂಡಿಯೇ ಹೋಗುತ್ತೇವೆ' ಎಂಬ ಹಟ ಪ್ರೀತಿಯಿಂದಲೇ ಹುಟ್ಟುತ್ತದೆ. ಆದರೆ ಅದೇ ಹಟವು ಒಂದು ವಂಶದ ದೀಪವನ್ನೆಲ್ಲ ಒಮ್ಮೆಗೇ ಆರಿಸಬಲ್ಲದು. ದೋಣಿ ಚಿಕ್ಕದಾಗಿದ್ದರೆ ಎರಡು ಪಾಲಾಗಿ ಹೋಗಿರಿ. ಮೊದಲು ಹೋದವರು ಅಲ್ಲಿ ನೆರಳಿನಲ್ಲಿ ಕಾದಿರಲಿ. ತೇಲುವ ಅಂಗಿಯನ್ನು ದಂಡೆಯಲ್ಲಿಯೇ ತೊಟ್ಟು, ದಾರಗಳನ್ನು ಬಿಗಿದು ಹತ್ತಿರಿ. ಪೀಠದ ಕೆಳಗೆ ಇಟ್ಟ ಅಂಗಿ ಯಾರನ್ನೂ ಕಾಯುವುದಿಲ್ಲ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ದೊಡ್ಡವರ ಅಂಗಿಯಿಂದ ಕೂಸು ಕೆಳಗೆ ಜಾರಿಹೋಗುತ್ತದೆ. ಸೀರೆಯ ಮೇಲೆ ಇದೇನು ವೇಷವೆಂದು ತಾಯಂದಿರು ನಾಚಬೇಕಾಗಿಲ್ಲ. ಹೊತ್ತು ಮುಳುಗಿದ ಮೇಲೆ, ಗಾಳಿ ಎದ್ದಾಗ, ಕುಡಿದವನು ನಡೆಸುವಾಗ ಹತ್ತಬೇಡಿರಿ. ಕೊಟ್ಟ ಹಣ ಹೋದರೆ ಹೋಗಲಿ. ಶಾಲೆಯ ಮಕ್ಕಳನ್ನು ಕರೆದೊಯ್ಯುವ ಗುರುಗಳು ಹತ್ತುವಾಗಲೊಮ್ಮೆ, ಇಳಿದಾಗಲೊಮ್ಮೆ ತಲೆಯೆಣಿಸುವುದನ್ನು ಪಾಠದಷ್ಟೇ ಮುಖ್ಯವೆಂದು ತಿಳಿಯಲಿ. ಹೊಳೆಯ ದಂಡೆಯ ಊರುಗಳ ಶಾಲೆಗಳಲ್ಲಿ ಹುಡುಗರಿಗಲ್ಲದೆ ಹುಡುಗಿಯರಿಗೂ ಈಜು ಕಲಿಸುವ ಏರ್ಪಾಡಾಗಲಿ. ಬಾವಿಗೆ ಹಾರಿ ಈಜು ಕಲಿಯುತ್ತಿದ್ದ ನಮ್ಮ ಸೀಮೆಯಲ್ಲಿ, ಊರ ಸುತ್ತ ಸಮುದ್ರದಂಥ ನೀರು ಬಂದು ನಿಂತ ಮೇಲೆ ಈಜು ಬಾರದ ಮಕ್ಕಳ ಸಂಖ್ಯೆ ಹೆಚ್ಚುವುದಾದರೆ ಅದಕ್ಕಿಂತ ವಿಪರ್ಯಾಸ ಬೇರೊಂದಿಲ್ಲ.

ಜಿಲ್ಲಾಡಳಿತದವರಲ್ಲಿ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಬರುವ ಸಂಕ್ರಮಣಕ್ಕೆ ಮುಂಚೆ ಹಿನ್ನೀರಿನ ದಂಡೆಯ ಪ್ರತಿಯೊಂದು ಪಂಚಾಯತಿಯಲ್ಲಿ ದೋಣಿಗಳ ವಹಿ ತೆರೆಯಲಿ. ಜನರು ಹೆಚ್ಚಾಗಿ ಹತ್ತಿಳಿಯುವ ಕಡೆಗಳಲ್ಲಿ ನೀರಿನ ಮಟ್ಟ ಏರಿದರೂ ಇಳಿದರೂ ಉಪಯೋಗಕ್ಕೆ ಬರುವ ಮೆಟ್ಟಿಲುಕಟ್ಟೆಗಳಾಗಲಿ. ಮುಳುಗಿದ ಗೋಡೆ, ಬಾವಿ, ಬೊಡ್ಡೆಗಳಿರುವ ಜಾಗಗಳಿಗೆ ಮೀನುಗಾರರನ್ನು ಕೇಳಿ ಗುರುತಿನ ಬುಂಗೆಗಳನ್ನು ತೇಲಿಬಿಡಲಿ. ಜಾತ್ರೆ ಹಬ್ಬಗಳ ದಿನ ಹತ್ತುವ ಸ್ಥಳದಲ್ಲಿ ಎಣಿಸಿ ಬಿಡುವ ಒಬ್ಬ ಮನುಷ್ಯನಿರಲಿ; ಅವನ ಮಾತೇ ಅಲ್ಲಿ ಕಡೆಯ ಮಾತಾಗಿರಲಿ. ಇಷ್ಟಾದ ಮೇಲೆ ಗಡ್ಡೆಗಳಲ್ಲಿ ಬೇವು, ಹುಣಿಸೆ, ಹೊಂಗೆಗಳನ್ನು ನೆಡಲಿ, ಕೂಡಲು ಕಟ್ಟೆ ಕಟ್ಟಲಿ, ಕುಡಿಯುವ ನೀರು, ಹೆಂಗಸರಿಗೆ ಮರೆ, ಮಕ್ಕಳಿಗೆ ಜೋಕಾಲಿ ಎಲ್ಲವೂ ಬರಲಿ. ಅವುಗಳನ್ನು ಮೊದಲು ಸ್ವಾಗತಿಸುವವರು ನಾವೇ ಆಗಿರುತ್ತೇವೆ. ದೊಡ್ಡ ಅಣೆಕಟ್ಟನ್ನು ಕಟ್ಟಿದುದರಿಂದ ನಾಡಿನ ಶಕ್ತಿ ಜಗತ್ತಿಗೆ ತಿಳಿದಿದೆ. ಆ ಅಣೆಕಟ್ಟಿನ ನೀರಿನ ಮೇಲೆ ಒಬ್ಬ ಕೂಲಿಕಾರನ ಕೂಸು ಹೋಗಿ ಸುರಕ್ಷಿತವಾಗಿ ಮರಳುತ್ತದೆಯೇ ಎಂಬುದರಿಂದ ನಾಡಿನ ಸಭ್ಯತೆ ತಿಳಿಯತಕ್ಕದ್ದಿದೆ.